ಬೇಲಿಯಾಚೆಯ ಬೈಪಾಸ್

ಹೊಸ ರಸ್ತೆಯ ಗುರುತಿನ ಕೊನೆಯ ಗೂಟವನ್ನು ತಾನೇ ಹೊಡೆಯಬೇಕೆಂದು ಇಂಜಿನಿಯರ್ ಓವಿತಿ ಸುತ್ತಿಗೆ ಎತ್ತಿದ್ದ. ಅಷ್ಟರಲ್ಲಿ ದೊರ್ಸಿಲಾ ಬಂದು ಗೂಟದ ತಲೆಯ ಮೇಲೆ ಅಂಗೈ ಇಟ್ಟುಬಿಟ್ಟಳು. ಕೂದಲೆಳೆಯಲ್ಲಿ ತಪ್ಪಿತು, ಇಲ್ಲದಿದ್ದರೆ ಕೈ ಜಜ್ಜಿಹೋಗುತ್ತಿತ್ತು.

“ಇಲ್ಲಿ ಬೇಡ ಮಗಾ,” ಅಂದಳು.

ಓವಿತಿಗೆ ರೇಗಿತು. ಊರೊಳಗೆ ಹಾದುಹೋಗುವ ಕಿಸುಮು ನಗರದ ಹೆದ್ದಾರಿಯಲ್ಲಿ, ಸಂತೆಯ ಎದುರು ಹುರಿದ ಮೀನು ಮಾರುತ್ತಿದ್ದ ಅಚೊಲಾ ಎಂಬ ಈಕೆಯ ಮಗಳ ಮೇಲೆ ಎಣ್ಣೆ ಟ್ಯಾಂಕರ್ ಹರಿದದ್ದು ಕಳೆದ ವರ್ಷ. ಮದುವೆಯ ವಯಸ್ಸಿಗೆ ಬಂದಿದ್ದ ಹುಡುಗಿ. ಹೆಣವನ್ನು ರಸ್ತೆಗೆ ಅಡ್ಡ ಮಲಗಿಸಿಕೊಂಡು ಕೂತು, ಬೈಪಾಸ್‌ಗೆ ಸರಕಾರದಿಂದ ಹೂಂ ಅನ್ನಿಸಿದವಳೇ ಈ ದೊರ್ಸಿಲಾ. ಈಗ ಅವಳೇ ಬೇಡ ಅಂದರೆ?

“ಅಮ್ಮಾ, ನಾನೂ ನಿಮ್ಮ ಹಾಗೇ ಲುವೊ ಕುಲದವನೇ. ಸಮಾಧಿ ಮೇಲೆ ರಸ್ತೆ ಎಳೀತೀನಾ? ನಮ್ಮೋರು ಸತ್ತೋರನ್ನ ಅಂಗಳದಲ್ಲೇ ಮಣ್ಣು ಮಾಡ್ತಾರೆ ಅಂತಾನೇ ಒಬ್ಬರ ಬೇಲೀನೂ ಮುಟ್ಟಿಲ್ಲ. ಎಲ್ಲಾ ಬೇಲಿ ಆಚೆಯಿಂದ ಗೆರೆ ತಂದಿದೀನಿ. ನೋಡಿ, ಎಷ್ಟು ನೆಟ್ಟಗಿದೆ. ಒಂದು ತಿರುವಿಲ್ಲ, ಒಂದು ಹಂಪ್ ಇಲ್ಲ. ಲಾರಿಯೋನು ಬ್ರೇಕ್ ಮುಟ್ಟೋ ಹಾಗೇ ಇಲ್ಲ.”

“ಬುದ್ಧಿವಂತ ಕಣಯ್ಯಾ ನೀನು,” ಅಂದ, ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ದೊರ್ಸಿಲಾಳ ಮಾವ ಓಗೊಲ. “ನಮ್ಮಪ್ಪ, ನಮ್ಮಜ್ಜ ಎಲ್ಲಾ ನೆಮ್ಮದಿಯಾಗಿ ಮಲಗಿದಾರೆ.”

ದೊರ್ಸಿಲಾ ಕೈ ತೆಗೆಯಲಿಲ್ಲ. “ಅಂಗಳದಲ್ಲಿ ಮಲಗಿರೋರು ಗಂಡಸರು, ಸೊಸೆಯಂದಿರು. ಮದುವೆ ಆಗದೆ ಸತ್ತ ಹುಡುಗೀನ ಎಲ್ಲಿ ಹೂಳ್ತೀವಿ? ಲುವೊ ಅಂದ್ಯಲ್ಲ, ಹೇಳು ನೋಡೋಣ.”

ಓವಿತಿ ಸುತ್ತಿಗೆ ಕೆಳಗಿಳಿಸಿದ. ಅವನಿಗೆ ಗೊತ್ತಿತ್ತು. ಅವನೂರಿನಲ್ಲೂ ಹಾಗೆಯೇ. ಗಂಡನ ಮನೆ ಸೇರಬೇಕಾಗಿದ್ದವಳಿಗೆ ತವರಿನ ಅಂಗಳದಲ್ಲಿ ಜಾಗವಿಲ್ಲ. ಕಳ್ಳಿಬೇಲಿಯ ಆಚೆಗೆ ಹೂಳುತ್ತಾರೆ. ಶಿಲುಬೆಯಿಲ್ಲ, ಸಿಮೆಂಟಿಲ್ಲ, ಮಳೆಗಾಲ ಕಳೆದರೆ ಮಣ್ಣು ಸಮವಾಗಿಬಿಡುತ್ತದೆ. ಅವನು ತಿರುಗಿ ನೋಡಿದ. ಬೇಲಿ, ಬೇಲಿಯ ಪಕ್ಕ ಗೂಟ, ಮತ್ತೆ ಬೇಲಿ, ಮತ್ತೆ ಗೂಟ. ಬೆಳಗಿನಿಂದ ಅವನು ಈ ಊರಿನ ಹುಡುಗಿಯರ ಎದೆಗೇ ಗೂಟ ಹೊಡೆಸಿಕೊಂಡು ಬಂದಿದ್ದ.

“ಅಚೊಲಾನ ಒಳಗೆ ತಂದು ಹೂಳೋಣ ಅಜ್ಜಾ. ಎಲ್ಲರನ್ನೂ ತರೋಣ.” ಅವನು ಓಗೊಲನ ಕಡೆ ತಿರುಗಿದ.

“ತಲೆ ಕೆಟ್ಟಿದೆಯೇನೋ ನಿಂಗೆ? ಮದುವೆ ಆಗದವಳನ್ನ ಅಂಗಳಕ್ಕೆ ತಂದ್ರೆ ಮನೆ ಉಳಿಯುತ್ತಾ? ಗೆರೆ ಈಚೆ ತಂದ್ರೆ ನಮ್ಮಪ್ಪನ ಮೇಲೆ ಹೋಗುತ್ತೆ, ಆಚೆ ಹಾಕಿದ್ರೆ ಜೌಗು. ಹೊಡಿ, ಹೊಡಿ. ಅಲ್ಲಿ ಯಾರೂ ಇಲ್ಲ ಅಂದ್ಕೊ.” ಹಾಗಂದವನು ಅಚೊಲಾಳ ಸ್ವಂತ ಅಜ್ಜ.

ಹೆದ್ದಾರಿಯ ಕಡೆಯಿಂದ ಟ್ಯಾಂಕರಿನ ಹಾರನ್ ಕೇಳಿತು. ದೊರ್ಸಿಲಾಳ ಕಿರಿಮಗಳು ಈ ಹೊತ್ತಿಗೆ ಅಲ್ಲೇ, ಅದೇ ಸಂತೆಯ ಎದುರು, ಮೀನಿನ ಬುಟ್ಟಿ ಹೊತ್ತು ನಿಂತಿರುತ್ತಾಳೆ. ತಾಯಿ ಅತ್ತಲೇ ಕಿವಿಗೊಟ್ಟು ನಿಂತಳು. ಹಾರನ್ ಊರು ದಾಟಿ ದೂರವಾದ ಮೇಲೆ ಗೂಟದಿಂದ ಕೈ ತೆಗೆದಳು.

“ಹೊಡಿ. ನಂಗೆ ಇನ್ನೊಬ್ಬಳಿದಾಳೆ,” ಅಂದಳು. “ಒಂದೇ ಒಂದು ಕೇಳ್ತೀನಿ ಮಗಾ. ಇಲ್ಲೊಂದು ಹಂಪ್ ಹಾಕಿಸು. ಈ ಸಲನಾದ್ರೂ ಅವಳ ಮೇಲೆ ನಿಧಾನಕ್ಕೆ ಹೋಗಲಿ.”