ಬಂಡೆಯ ಮೇಲಿನ ಟವಲು

ಬೋರಪ್ಪನ ಮುಖ ಕಣ್ಣಾರೆ ನೋಡದೆ ಸೀಟಿ ಊದುವುದಿಲ್ಲ ಎಂದು ಚಂದ್ರಯ್ಯ ಮಾತು ಕೊಟ್ಟದ್ದು ಮಲ್ಲಿಪಟ್ಟಣದಲ್ಲಿ, ಮಾಯಮ್ಮನ ಜಗಲಿಯ ಮೇಲೆ. ಬಾವಿ ತೋಡುವಾಗ ಸಿಡಿಮದ್ದಿಗೆ ಗಂಡನನ್ನು ಕಳೆದುಕೊಂಡವಳು ಮಾಯಮ್ಮ. ಮಗ ಬೋರಪ್ಪನನ್ನೂ ಅಂಥದೇ ಕೆಲಸಕ್ಕೆ ಕಳಿಸು ಎಂದರೆ ಸುಮ್ಮನೆ ಒಪ್ಪುವಳೇ? "ಅವತ್ತೂ ಒಬ್ಬ, ಎಲ್ರೂ ಮ್ಯಾಕೆ ಬಂದವ್ರೆ ಅಂದಿದ್ದ ಕಣಪ್ಪ," ಎಂದಷ್ಟೇ ಹೇಳಿ ಕೈ ಚಾಚಿದ್ದಳು. ಚಂದ್ರಯ್ಯ ಆ ಕೈಯ ಮೇಲೆ ಕೈಯಿಟ್ಟಿದ್ದ.

ಕೊಣನೂರಿನ ಹೊಳೆಗೆ ಸೇತುವೆ ಕಟ್ಟುವ ಕೆಲಸದಲ್ಲಿ ಮೇಲ್ವಿಚಾರಣೆ ಅವನದಾದಾಗ, ಆ ಮಾತಿಗಾಗಿಯೇ ಟವಲಿನ ಕಟ್ಟಳೆ ಮಾಡಿದ. ಅಲ್ಲಿ ಮೂರು ಗುಂಪು, ಮೂರು ದಿಕ್ಕು. ಬೋರಪ್ಪನ ಪಂಪಿನವರು ಕಂಬದ ಗುಂಡಿಯಿಂದ ನೀರೆತ್ತಬೇಕು, ಗುಂಡಯ್ಯನ ಮದ್ದಿನವರು ತಳದ ಬಂಡೆ ಒಡೆಯಬೇಕು, ಗಿಡ್ಡಯ್ಯನ ಗಾರೆಯವರು ಕಟ್ಟಬೇಕು. ಒಬ್ಬರನ್ನು ಕಂಡರೆ ಒಬ್ಬರಿಗಾಗದು. ಮದ್ದು ಸಿಡಿಸುವ ಮುನ್ನ ಪ್ರತಿಯೊಬ್ಬ ಮೇಸ್ತ್ರಿಯೂ ತನ್ನ ಆಳುಗಳನ್ನು ಮೇಲೆ ಹತ್ತಿಸಿ, ತಾನೇ ಬಂದು, ದಡದ ಬಂಡೆಯ ಮೇಲೆ ತನ್ನ ಹೆಗಲ ಟವಲನ್ನು ಇಡಬೇಕು. ಮೂರೂ ಬಿದ್ದ ಮೇಲೆ ಚಂದ್ರಯ್ಯನ ಸೀಟಿ. ಸೀಟಿ ಕೇಳಿದರೆ ಗುಂಡಯ್ಯ ಮದ್ದಿಗೆ ಕಿಡಿ ಕೊಡುವ ತಂತಿಯ ಡಬ್ಬಿಯ ಹಿಡಿ ಒತ್ತುತ್ತಾನೆ. ಟವಲು ಬರೀ ನೆಪ. ಚಂದ್ರಯ್ಯನಿಗೆ ಬೇಕಾಗಿದ್ದದ್ದು ಮುಖ.

ಆ ಮಧ್ಯಾಹ್ನ ಹೊಳೆಯ ಬಣ್ಣ ತಿರುಗಿತ್ತು. ಕೊಡಗಿನಲ್ಲಿ ಮಳೆ ಹಿಡಿದಿದೆ ಎಂದು ಬಸ್ಸಿನವರು ಹೇಳಿದ್ದರು. ಗುಂಡಿಯ ಸುತ್ತ ಹಾಕಿದ ಮಣ್ಣಿನ ಒಡ್ಡು ಅಲ್ಲಲ್ಲಿ ಬೆವರುತ್ತಿತ್ತು. ಗಿಡ್ಡಯ್ಯ ಟವಲು ಇಟ್ಟು ಹೋದ. ಆಮೇಲೆ ಗುಂಡಯ್ಯ ಬಂದ. ಒಂದಲ್ಲ, ಎರಡು ಇಟ್ಟ. ಎರಡನೆಯದು ಎಣ್ಣೆ ಕಲೆಯ, ಕೆಂಪಂಚಿನ ಟವಲು. ಬೋರಪ್ಪನದು.

"ಇದು ನಿನ್ ಕೈಗೆ ಎಂಗ್ಲಾ ಬಂತು?"

"ಪಂಪಿನ ಮ್ಯಾಲೆ ಬಿದ್ದಿತ್ತು ಸಾ. ಮರ್ತವನೆ ಅಂತ ನಾನೇ ತಂದೆ."

"ಅವನೆಲ್ಲಿ?"

"ಅವನ ಆಳ್ಗಳೆಲ್ಲ ಮ್ಯಾಲವ್ರೆ. ಅವನೊಬ್ಬ ಕೆಳಗಿದ್ದು ಕಪ್ಪೆ ಹಿಡೀತಾನಾ? ಊದಿ ಸಾ!"

ಚಂದ್ರಯ್ಯ ಒಡ್ಡಿನ ಕಡೆ ತಿರುಗಿದ. ಪಂಪು ಎತ್ತಿದ ಮೇಲೂ ಹಗ್ಗ ಬಿಟ್ಟೆ, ಸ್ಪ್ಯಾನರ್ ಬಿಟ್ಟೆ ಎಂದು ಮತ್ತೆ ಇಳಿಯುವ ಕೆಟ್ಟ ಚಾಳಿ ಬೋರಪ್ಪನಿಗಿತ್ತು. "ಬೋರಪ್ಪಾ!" ಎಂದು ಕೂಗಿದ. ಹೊಳೆಯ ಮೊರೆತ ಆ ಕೂಗನ್ನು ದಡದಲ್ಲೇ ನುಂಗಿತು. ಒಡ್ಡಿನ ಮರೆಯಲ್ಲಿದ್ದ ಗುಂಡಿ ಇಲ್ಲಿಂದ ಕಾಣುವಂತಿರಲಿಲ್ಲ.

"ತಡಿ, ಬಗ್ಗಿ ನೋಡ್ಕೊಂಡು ಬತ್ತೀನಿ."

"ನೀವು ಓಗಿ ಬರೋದ್ರೊಳಗೆ ಗುಂಡಿ ತುಂಬ್ತದೆ!" ಗುಂಡಯ್ಯ ಅಡ್ಡ ನಿಂತ. "ಪಂಪು ನಿಂತು ಎಷ್ಟೊತ್ತಾಯ್ತು? ನೆಂದ ಮದ್ದು ಅರ್ಧಂಬರ್ಧ ಸಿಡಿದ್ರೆ ನಾಳೆ ಅದನ್ನ ಕೆರೆಯೋಕೆ ಇಳಿಯೋನು ಯಾರು? ನಾನು! ನನ್ಗೂ ಎಂಡ್ರು ಮಕ್ಳು ಅವ್ರೆ ಸಾ. ಬೋರಪ್ಪಂಗೆ ಮಾತ್ರಾನಾ ಅವ್ವ ಇರೋದು?"

ಚಂದ್ರಯ್ಯ ಬಂಡೆಯ ಕಡೆ ನೋಡಿದ. ಮೂರು ಟವಲು ಗಾಳಿಗೆ ಅಂಚು ಎತ್ತಿ ಎತ್ತಿ ಬೀಳುತ್ತಿದ್ದವು. ಸೀಟಿ ಯಾವಾಗ ತುಟಿಗೆ ಬಂತೋ ಅವನಿಗೇ ತಿಳಿಯಲಿಲ್ಲ. ಕೂಗಿತು.

ನೆಲ ಒಮ್ಮೆ ಒದರಿಕೊಂಡಿತು. ಕೆಸರು ನೀರು ಒಡ್ಡಿಗಿಂತ ಮೇಲೆದ್ದು, ಚೂರುಕಲ್ಲುಗಳು ಹೊಳೆಗೆ ಪಟಪಟ ಬಿದ್ದವು. ನೀರಿನ ಜೊತೆ ಕರ್ರಗಿನ, ಆಳುದ್ದದ ಏನೋ ಒಂದು ಹಾರಿ ಒಡ್ಡಿನಾಚೆ ಬಿತ್ತು. ಚಂದ್ರಯ್ಯ ಅತ್ತ ನಾಲ್ಕು ಹೆಜ್ಜೆ ಓಡಿದ. ನಿಂತು ನೋಡಿದ. ಗುಂಡಿಯ ಆಸರೆಗೆ ಕೊಟ್ಟಿದ್ದ ಮರದ ತೊಲೆ. ಗುಂಡಯ್ಯ ಡಬ್ಬಿಯ ಹಿಡಿಯಿಂದ ಇನ್ನೂ ಕೈ ತೆಗೆದಿರಲಿಲ್ಲ.

"ನನ್ ಟವಲ್ಲು ಯಾರಾದ್ರೂ ಕಂಡ್ರಾ ಸಾ?"

ಬೆನ್ನ ಹಿಂದೆ ಬೋರಪ್ಪ. ಬೆರಳಲ್ಲಿ ಇನ್ನೂ ಸಾರಿನ ಪಸೆ. "ಅವ್ವ ಬುತ್ತಿ ತಂದಿತ್ತು. ರೋಡ್ತಾವ ಉಣ್ತಾ ಕೂತ್ಬುಟ್ಟೆ."

ಚಂದ್ರಯ್ಯ ತಿರುಗಿದವನೇ ಅವನ ರಟ್ಟೆ ಹಿಡಿದು ಅಲುಗಾಡಿಸಿದ. ಅಷ್ಟರಲ್ಲಿ ಮಾಯಮ್ಮ ಬುತ್ತಿಯ ಕುಕ್ಕೆ ಹೊತ್ತು ನಿಧಾನವಾಗಿ ಬಂದಳು. ಬಂಡೆಯ ಮೇಲಿನ ಕೆಂಪಂಚಿನ ಟವಲು ತೆಗೆದು, ಧೂಳು ಕೊಡವಿ, ಮಗನ ಹೆಗಲ ಮೇಲೆ ಹಾಕಿದಳು.

"ಸೀಟಿ ಆದಾಗ ಇವನು ನನ್ ಮಗ್ಗುಲಾಗೇ ಇದ್ದ ಕಣಪ್ಪ," ಎಂದಳು.

ಮಾರನೇ ದಿನ ಹೊಳೆ ಇನ್ನೊಂದು ಮೊಳ ಏರಿತ್ತು. ಹೊತ್ತಿಗೆ ಸರಿಯಾಗಿ ಗುಂಡಯ್ಯ ಬಂದು ಬಂಡೆಯ ಮೇಲೆ ಟವಲು ಹಾಸಿದ. ಮೂರನ್ನೂ ಅವನೊಬ್ಬನೇ ಹಾಸಿದ.

"ಬೋರಪ್ಪ?"

"ಬತ್ತಾನೆ ಸಾ. ಗಿಡ್ಡಯ್ಯನೂ 'ನಂದೂ ನೀನೇ ಇಟ್ಬುಡ್ಲಾ' ಅಂದ. ನೆನ್ನೆ ಏನಾಯ್ತು? ಏನೂ ಆಗ್ನಿಲ್ವಲ್ಲ."

ಚಂದ್ರಯ್ಯ ರಸ್ತೆಯ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಒಡ್ಡಿನ ಕಡೆ ನೋಡಿದ. ನೀರು ಅಂಚಿಗೆ ಬಂದಿತ್ತು.

ಸೀಟಿ ಊದಿದ. ಮಾಯಮ್ಮನಿಗೆ ಕೊಟ್ಟ ಮಾತನ್ನು ಅವನು ಆ ದಿನವೂ ನಡೆಸಲಿಲ್ಲ.