ಶುರುವಿನ ಕೂಗು

ಮೊದಲು ಧ್ವನಿಮುದ್ರಣ, ಬಳಿಕ ಮಿಕ್ಸಿಂಗ್, ಶುಕ್ರವಾರ ಬೆಳಿಗ್ಗೆ ಬಿಡುಗಡೆ. ಆ ಕ್ಷಣದಿಂದ ಹಾಡಿನ ಯಾವ ತುಣುಕೂ ಅದನ್ನು ಕಟ್ಟಿದವರಿಗೆ, ಯಾರ ಬಾಯಿಂದ ಬಂದರೂ, ಮುಂದೆಂದೂ ಕೇಳಿಸದು. ಉಳಿದ ಸಂಗೀತಗಾರರಂತೆ ಮುಕುಂದನೂ ಇದಕ್ಕೆ ಒಗ್ಗಿಹೋಗಿದ್ದ. ತಾರೆ ಐರಾಳಿಗೆಂದು ಅವನು ಕಟ್ಟಿದ ಹಾಡುಗಳಿಗೆ ಊರೆಲ್ಲ ಕುಣಿಯುವಾಗ ಅವನಿಗೆ ಕಾಣುತ್ತಿದ್ದುದು ಬರಿಯ ಕಾಲುಗಳು.

ಈ ಸಲ ಹಾಡಿನ ಆರಂಭ ಸಪ್ಪೆಯೆನಿಸಿ, ಮಗಳು ಕುಮುದಿನಿ "ಅಪ್ಪಾ" ಎಂದು ಕೂಗಿದ್ದನ್ನು ಫೋನಿನಲ್ಲಿ ಹಿಡಿದು ಅಲ್ಲಿಗೆ ಸೇರಿಸಿದ್ದ.

ಬಿಡುಗಡೆಯಾದೊಡನೆ ಐರಾ ಕರೆ ಮಾಡಿದಳು. "ಸರ್, ಶುರುವಿನ ಆ ಕೂಗಿಗೇ ಜನ ಹುಚ್ಚೆದ್ದುಹೋಗಿದ್ದಾರೆ! ಯಾರ ದನಿ ಅದು?"

"ನಮ್ಮನೇದೇ ಕಣಮ್ಮ," ಎಂದು ನಗುತ್ತ ಅವನು ಫೋನಿಟ್ಟ.

ಬೆನ್ನ ಹಿಂದೆ ಕುಮುದಿನಿ ಮುಖ ಊದಿಸಿಕೊಂಡು ನಿಂತಿದ್ದಳು. "ಆಗಿಂದ ಕರೀತಿದೀನಿ, ತಿರುಗೇ ನೋಡಲ್ವಲ್ಲ ನೀನು!"

"ಈಗ ಕರಿ, ಪುಟ್ಟಿ."

ಅವಳ ತುಟಿಗಳು ಕೂಡಿ ಅಗಲವಾಗಿ ತೆರೆದವು. ಮುಕುಂದನಿಗೆ ಏನೂ ಕೇಳಿಸಲಿಲ್ಲ.