ಟಿಕೆಟ್ ಇಲ್ಲದವರು

ಬಾಗಿಲ ಸಂದಿಗೆ ತುರುಕಿದ್ದ ಬಟ್ಟೆಯ ಸುರುಳಿ ಅಂದೂ ಪಕ್ಕಕ್ಕೆ ಸರಿದಿತ್ತು. ಅದರ ಮೇಲಿನ ಗೋಡೆಯಲ್ಲೇ, ಎಂಟೂ ಕಾಲು ಚಾಚಿಕೊಂಡು, ಜೇಡವೊಂದು ಆರಾಮಾಗಿ ಕೂತಿತ್ತು. ಆಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದ ಕಂಡಕ್ಟರಮ್ಮ ಹೆಗಲ ಚೀಲವನ್ನೂ ಇಳಿಸದೆ ಸ್ಟೂಲು ಹತ್ತಿ ನಿಂತಳು.

"ರೀ! ಬೇಗ ಬನ್ರೀ! ಟಿಕೆಟ್ ಇಲ್ಲದೋನು ಇನ್ನೊಬ್ಬ ಹತ್ತಿದಾನೆ!"

ಇಪ್ಪತ್ತೆರಡು ವರ್ಷದಿಂದ ಬಸ್ಸಿನಲ್ಲಿ ಕುಡುಕರನ್ನು ಕಾಲರ್ ಹಿಡಿದು ಇಳಿಸುತ್ತಾ ಬಂದ ಹೆಂಗಸು ಅವಳು. ಜೇಡ ಕಂಡರೆ ಮಾತ್ರ ಕೈಕಾಲೇ ಆಡುತ್ತಿರಲಿಲ್ಲ. ಎಲೆ ಉದುರುವ ಕಾಲ ಬಂದು ಹೊರಗೆ ಚಳಿ ಶುರುವಾಯಿತೆಂದರೆ ಸಾಕು, ಬೆಚ್ಚಗಿನ ಜಾಗ ಹುಡುಕಿಕೊಂಡು ಅವು ನೆಟ್ಟಗೆ ಇವಳ ಮನೆಗೇ ಬರುತ್ತಿದ್ದವು. ಕಿಟಕಿಗೆ ಪಟ್ಟಿ ಅಂಟಿಸಿದ್ದಳು, ಬಚ್ಚಲ ತೂತಿಗೆ ಜಾಲರಿ ಬಿಗಿಸಿದ್ದಳು, ಬಾಗಿಲ ಸಂದಿಗೆ ತನ್ನ ಹಳೆಯ ಖಾಕಿ ಅಂಗಿಯನ್ನೇ ಸುತ್ತಿ ತುರುಕಿದ್ದಳು. ಆದರೂ ಈ ಸಲ ದಿನಕ್ಕೊಂದು. ಬಟ್ಟೆಯನ್ನು ಗಾಳಿ ಸರಿಸುತ್ತಿದೆ ಎಂದುಕೊಂಡು ಗಾಳಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದಳು.

ಹಿಂದಿನ ಕೋಣೆಯಿಂದ ಗಂಡ ಬಂದ. ಎಡಗೈಯಲ್ಲಿ ರಟ್ಟು, ಬಲಗೈಯಲ್ಲಿ ಗಾಜಿನ ಲೋಟ. ಅವನು ಗಡಿಯಾರ ರಿಪೇರಿಯವನು. ಮೂರು ತಿಂಗಳ ಹಿಂದೆ ಆ ಬಲಗೈ ಸಣ್ಣಗೆ ನಡುಗತೊಡಗಿ, ಗಿರಾಕಿಯೊಬ್ಬನ ಗಡಿಯಾರದೊಳಗಿನ ಕೂದಲೆಳೆಯಂಥ ಸ್ಪ್ರಿಂಗು ಮುರಿದುಹೋಗಿತ್ತು. ಅಂಗಡಿಯವರು ಒಳ್ಳೆಯ ಮಾತಿನಲ್ಲೇ, "ಕೈ ನಡುಕ ನಿಂತ ಮೇಲೆ ಬನ್ನಿ" ಎಂದು ಕಳಿಸಿಕೊಟ್ಟಿದ್ದರು. ಅಂದಿನಿಂದ ಅವನ ಮಾತು ಕಡಿಮೆ, ಊಟ ಕಡಿಮೆ. ಹೊತ್ತೆಲ್ಲ ಹಿಂದಿನ ಕೋಣೆಯ ಕದ ಮುಚ್ಚಿಕೊಂಡು ಕೂತಿರುತ್ತಿದ್ದ. ಈ ಮನುಷ್ಯ ಹೀಗೇ ಒಳಗೊಳಗೇ ಕುಗ್ಗಿಹೋದರೆ ಏನು ಗತಿ ಎಂದು ಅವಳಿಗೆ ಚಿಂತೆ. ಅವನೆಂದರೆ ಪ್ರಾಣ ಅವಳಿಗೆ. ಆದರೆ ಅದನ್ನು ಹೇಳಲು ಬಾಯಿ ತೆರೆದರೆ ಬೈಗುಳವೇ ಹೊರಡುತ್ತಿತ್ತು.

"ಹಿತ್ತಿಲಾಚೆ ದೂರ ಹೋಗಿ ಬಿಟ್ಟು ಬನ್ನಿ. ನಿನ್ನೆಯದೇ ವಾಪಸ್ ಬಂದಿದೆ, ಅದರ ಮುಖ ನೋಡಿದ್ರೆ ಗೊತ್ತಾಗಲ್ವಾ?"

"ಇಲ್ಲ ಕಣೇ, ಇದು ಹೊಸದು."

"ನಿಮಗೆ ಹೇಗೆ ಗೊತ್ತು? ನೆಂಟರಾ?"

ಅವನು ಕೈ ಚಾಚಿದ. ಲೋಟ ಗೋಡೆಗೆ ಟಕಟಕ ಬಡಿಯಿತು. ಅವಳು ನೋಡದವಳಂತೆ ಸೂರಿನ ಕಡೆ ಮುಖ ತಿರುಗಿಸಿದಳು. ಮೂರನೆಯ ಸಲಕ್ಕೆ ಜೇಡ ಲೋಟದೊಳಗಾಯಿತು. ಹಿತ್ತಿಲ ಬಾಗಿಲಿಗೆ ದಾರಿ ಆ ಹಿಂದಿನ ಕೋಣೆಯೊಳಗಿಂದಲೇ. ಅವನು ಅತ್ತ ಹೋದ.

ಅವಳು ಮುಖ ತೊಳೆದು, ಒಲೆಯ ಮೇಲೆ ನೀರಿಟ್ಟಳು. ನೀರು ಕುದಿ ಬರುವ ಹೊತ್ತಿಗೆ ಕರೆಂಟು ಹೋಯಿತು. ಹೊರಗೂ ಕತ್ತಲಾಗಿತ್ತು. ಆಗ ಅವಳಿಗೆ ಹೊಳೆಯಿತು, ಇಷ್ಟು ಹೊತ್ತಾದರೂ ಹಿತ್ತಿಲ ಅಗುಳಿ ತೆಗೆದ ಸದ್ದೇ ಕೇಳಿಲ್ಲ. ಗೋಡೆ ಸವರಿಕೊಂಡು ಹೋಗಿ ಕೋಣೆಯ ಕದ ತಳ್ಳಿದಳು.

ಗೋಡೆಯ ತುಂಬ ಹಸಿರು ಬೆಳಕಿನ ಚುಕ್ಕೆಗಳು. ಒಂದು ಚುಕ್ಕೆ ನಡೆಯುತ್ತಿತ್ತು.

"ಅಯ್ಯಯ್ಯೋ!"

"ಹೆದರ್ಬೇಡ, ಹೆದರ್ಬೇಡ! ರೇಡಿಯಂ ಬಣ್ಣ ಅದು. ಗಡಿಯಾರದ ಮುಳ್ಳಿಗೆ ಹಚ್ತೀವಲ್ಲ, ಕತ್ತಲಲ್ಲಿ ಹೊಳೀಲಿ ಅಂತ."

"ಅದನ್ನ ಜೇಡದ ಬೆನ್ನಿಗೆ ಹಚ್ಚೋದಾ? ತಲೆ ನೆಟ್ಟಗಿದೆಯಾ ನಿಮಗೆ?"

ಕತ್ತಲಲ್ಲಿ ಮುಖ ಕಾಣದ್ದರಿಂದಲೋ ಏನೋ, ಮೂರು ತಿಂಗಳಿಂದ ಆಡದ ಮಾತು ಅವನ ಬಾಯಿಗೆ ಬಂತು. "ಕೈ ಪಳಗಿಸ್ಕೊಳ್ತಾ ಇದೀನಿ ಕಣೇ. ಗಿರಾಕಿ ಗಡಿಯಾರ ಮುಟ್ಟೋಕೆ ಭಯ. ನಮ್ಮ ಹಳೇ ಗಡಿಯಾರದ ಮುಂದೆ ಕೂತ್ರೆ, ಅದು ಅಲ್ಲಾಡದೆ ಕೂತಿರುತ್ತೆ, ನನ್ನ ಕೈ ಒಂದೇ ಅಲ್ಲಾಡುತ್ತೆ. ನಾಚಿಕೆ ಆಗುತ್ತೆ. ಜೇಡಾನೂ ಅಲ್ಲಾಡುತ್ತೆ, ನಾನೂ ಅಲ್ಲಾಡ್ತೀನಿ. ಇಬ್ಬರಿಗೂ ಸರಿಹೋಯ್ತು."

"ಹಾಗಾದ್ರೆ ಬಾಗಿಲ ಹತ್ರ ಬಟ್ಟೆ ಸರಿಸ್ತಿದ್ದಿದ್ದು?"

"ನಾನೇ."

ಬೇರೆ ದಿನವಾಗಿದ್ದರೆ ಮನೆ ಹಾರಿಹೋಗುವಂತೆ ಕೂಗಾಡುತ್ತಿದ್ದಳು. ಆದರೆ ಅವಳ ಕಣ್ಣು ಆ ಚುಕ್ಕೆಗಳ ಮೇಲೆಯೇ ಇತ್ತು. ಮೂಲೆಯಲ್ಲಿದ್ದದ್ದು ಮೊದಲನೆಯದಂತೆ. ಬಣ್ಣ ಕಾಲಿಗೆಲ್ಲ ಮೆತ್ತಿಕೊಂಡು ಹುಳವೇ ಪೂರ್ತಿ ಹಸಿರು. ಕಪಾಟಿನ ಮೇಲಿನದು ಐದನೆಯದು, ಅದರ ಚುಕ್ಕೆಗೆ ಉದ್ದನೆಯ ಬಾಲ. ಮೇಜಿನ ಮೇಲೆ ಲೋಟದೊಳಗಿತ್ತು ಈ ದಿನದ್ದು. ಅದರ ಬೆನ್ನ ಮೇಲೆ ಸಾಸಿವೆ ಕಾಳಿನಷ್ಟೇ ಒಂದು ಚುಕ್ಕೆ. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳು ಜೇಡವೊಂದರ ಹತ್ತಿರಕ್ಕೆ ಬಗ್ಗಿದಳು.

"ಗುಂಡಗಿದೆ ರೀ," ಎಂದಳು. "ಎಷ್ಟು ಗುಂಡಗಿದೆ!"

"ಒಂದು ಗುಂಡಗೆ ಬಂದ್ರೆ ಸಾಲಲ್ಲ. ಹತ್ತು ಹೀಗೇ ಬರಲಿ. ಆಮೇಲೆ ಅಂಗಡಿಗೆ ಹೋಗ್ತೀನಿ."

ಅವಳು ಮುಂದಿನ ಕೋಣೆಗೆ ಬಂದಳು. ಸಂದಿಯ ಖಾಕಿ ಅಂಗಿಯನ್ನು ಕಾಲಲ್ಲೇ ಒದ್ದು ಮೂಲೆಗೆ ತಳ್ಳಿದಳು. ಬಾಗಿಲನ್ನು ಹಾರು ಹೊಡೆದು ತೆರೆದಳು. ತಣ್ಣನೆಯ ಗಾಳಿಯ ಜೊತೆ ನಾಲ್ಕು ಒಣ ಎಲೆಗಳೂ ಒಳಗೆ ಬಂದವು. ಅವಳು ಓಡಿಹೋಗಿ ಸ್ಟೂಲಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಇಡೀ ಬೀದಿಗೆ ಕೇಳುವಂತೆ ಕೂಗಿದಳು:

"ಬನ್ನಿ, ಬನ್ನಿ, ಒಳಗೆ ಬನ್ನಿ! ಇನ್ನೂ ಒಂಬತ್ತು ಜನಕ್ಕೆ ಜಾಗ ಇದೆ!"